ಆಮೆಮರಿಗೆ ಚಿಪ್ಪೊಂದಿದ್ದರೆ ಸಾಕೇ?

ನೆಲದ ಮೇಲೆ ಬದುಕುವ ಆಮೆಯ ಮರಿ ಮೊಟ್ಟೆಯೊಡೆದು ಬಂದಾಗ ಅಂಗೈ ನಡುವೆ ಕೂರುವಷ್ಟೇ ಇರುತ್ತದೆ. ಮೆಡಿಟರೇನಿಯನ್ ಪ್ರದೇಶದ ಹರ್ಮನ್ ಆಮೆ, ಆಫ್ರಿಕಾದ ಸಲ್ಕಾಟಾ ಆಮೆಗಳ ಮರಿಗಳು ಯುರೋಪಿನಲ್ಲಿ ಹೊಸದಾಗಿ ಆಮೆ ಸಾಕುವವರ ಕೈಗೆ ಬರುವುದು ಈ ಗಾತ್ರದಲ್ಲಿಯೇ. ಸದ್ದಿಲ್ಲ, ಓಡಾಟವಿಲ್ಲ, ಮೈಮೇಲೆ ಗಟ್ಟಿ ಚಿಪ್ಪಿದೆ, ಹಾಗಾಗಿ ಆರೈಕೆ ಹೆಚ್ಚೇನೂ ಬೇಡ ಎಂಬ ಎಣಿಕೆಯೇ ಉಳಿದೆಲ್ಲ ತಪ್ಪು ಕಲ್ಪನೆಗಳ ಬೇರು. ಆಮೆಯ ದೇಹದಲ್ಲಿ ಎಲ್ಲವೂ ನಿಧಾನ, ಕಾಯಿಲೆ ಕೂಡ. ಆಹಾರದಲ್ಲಿ ಅಥವಾ ಬೆಳಕಿನಲ್ಲಿ ಇಂದು ಆದ ಕೊರತೆ ಕಣ್ಣಿಗೆ ಬೀಳಲು ತಿಂಗಳುಗಳೇ ಹಿಡಿಯಬಹುದು. ಅಷ್ಟು ದಿನವೂ ಮರಿ ಚೆನ್ನಾಗಿಯೇ ಇದೆ ಎಂದು ಮನೆಯವರು ತಿಳಿದಿರುತ್ತಾರೆ.

ಮೊದಲಿಗೆ ಚಿಪ್ಪಿನ ವಿಷಯ. ಅದನ್ನು ಜೀವವಿಲ್ಲದ ಹೊದಿಕೆ ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ವಾಸ್ತವದಲ್ಲಿ ಬೆನ್ನುಮೂಳೆ ಮತ್ತು ಪಕ್ಕೆಲುಬುಗಳು ಹರಡಿ ಒಂದಾಗಿ ಆದ ಮೂಳೆಯೇ ಚಿಪ್ಪು. ಅದರ ಮೇಲೆ ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನ ತೆಳುವಾದ ಬಿಲ್ಲೆಗಳಿರುತ್ತವೆ. ಅದರಲ್ಲಿ ರಕ್ತ ಹರಿಯುತ್ತದೆ, ನರಗಳಿವೆ, ಮುಟ್ಟಿದರೆ ಆಮೆಗೆ ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಹಿಂದೆ ಚಿಪ್ಪಿನ ಅಂಚಿಗೆ ತೂತು ಕೊರೆದು, ದಾರ ಪೋಣಿಸಿ, ಆಮೆಯನ್ನು ಹಿತ್ತಲಲ್ಲಿ ಕಟ್ಟಿಹಾಕುವ ರೂಢಿಯಿತ್ತು. ಜೀವಂತ ಮೂಳೆಯನ್ನು ಕೊರೆಯುತ್ತಿದ್ದೇವೆ ಎಂಬುದು ಹಾಗೆ ಮಾಡಿದವರ ತಲೆಗೆ ಹೊಳೆದಿರಲಿಕ್ಕಿಲ್ಲ. ಹೊಳಪು ಬರಲೆಂದು ಎಣ್ಣೆ ಹಚ್ಚುವುದರಿಂದಲೂ ಉಪಯೋಗವಿಲ್ಲ. ಧೂಳು ಅಂಟುತ್ತದೆ, ಅಷ್ಟೇ.

ತೊಟ್ಟಿ ಚಿಕ್ಕದಿದ್ದರೆ ಆಮೆಯೂ ಚಿಕ್ಕದಾಗಿಯೇ ಉಳಿಯುತ್ತದೆ ಎಂಬ ಮಾತಂತೂ ಮಾರುವವರಿಗೆ ಅನುಕೂಲದ ಸುಳ್ಳು. ಇಕ್ಕಟ್ಟಿನಲ್ಲಿಟ್ಟ ಮರಿ ಕುಬ್ಜವಾಗುವುದಿಲ್ಲ, ರೋಗಿಷ್ಠವಾಗುತ್ತದೆ. ಸಲ್ಕಾಟಾ ಬೆಳೆದರೆ 45 ಕಿಲೋ ದಾಟಬಲ್ಲದು, ಅಂಗಳವನ್ನೇ ಅಗೆದು ಬಿಲ ಮಾಡಬಲ್ಲದು. ಹರ್ಮನ್ ಆಮೆ ಸುಮಾರು 15ರಿಂದ 20 ಸೆಂಟಿಮೀಟರಿಗೆ ನಿಲ್ಲುತ್ತದೆಯಾದರೂ 50 ವರ್ಷ ಮೀರಿ ಬದುಕಬಲ್ಲದು. ಮರಿ ಗಂಡೋ ಹೆಣ್ಣೋ ಎಂದು ಅಂಗಡಿಯವರು ಹೇಳುವುದನ್ನೂ ನಂಬಬೇಕಾಗಿಲ್ಲ, ಆ ಗಾತ್ರದಲ್ಲಿ ಹೊರನೋಟಕ್ಕೆ ಅದು ತಿಳಿಯುವುದಿಲ್ಲ. ದೊಡ್ಡ ಆಮೆಯ ವಿಷಯದಲ್ಲೂ ಎಡವಿದವರಿದ್ದಾರೆ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಬ್ರಿಟಿಷ್ ಯುದ್ಧನೌಕೆಯಲ್ಲಿದ್ದು, ಕೊನೆಗೆ 2004ರಲ್ಲಿ ಇಂಗ್ಲೆಂಡಿನ ಪೌಡರ್‌ಹ್ಯಾಮ್ ಕೋಟೆಯಲ್ಲಿ ಸತ್ತ ‘ಟಿಮೊಥಿ’ ಎಂಬ ಗಂಡು ಹೆಸರಿನ ಆಮೆ ಹೆಣ್ಣೆಂದು ಗೊತ್ತಾದದ್ದು 1926ರಲ್ಲಿ.

ಕಿಟಕಿಯ ಬಳಿ ಇಟ್ಟರೆ ಬಿಸಿಲು ಸಿಗುತ್ತದೆ ಎಂಬುದು ಅರ್ಧ ಸತ್ಯ. ಬೆಳಕು ಸಿಗುತ್ತದೆ, ಶಾಖವೂ ಸಿಗುತ್ತದೆ. ಆದರೆ ಬೇಕಾದ ಅತಿನೇರಳೆ ‘ಬಿ’ ಕಿರಣಗಳನ್ನು ಕಿಟಕಿಯ ಗಾಜು ಹೆಚ್ಚುಕಡಿಮೆ ಪೂರ್ತಿಯಾಗಿ ತಡೆದುಬಿಡುತ್ತದೆ. ಆ ಕಿರಣ ಚರ್ಮಕ್ಕೆ ತಾಗಿದಾಗ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರುವುದಿಲ್ಲ, ಆಗ ದೇಹ ತನ್ನ ಮೂಳೆಯಿಂದಲೇ ಅದನ್ನು ತೆಗೆಯತೊಡಗುತ್ತದೆ. ಚಿಪ್ಪೂ ಮೂಳೆಯೇ ಆದ್ದರಿಂದ ಅದು ಮೆತ್ತಗಾಗುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ. ಆಗತಾನೇ ಹುಟ್ಟಿದ ಮರಿಯ ಚಿಪ್ಪು ತುಸು ಬಾಗುವುದು ಸಹಜ. ತಿಂಗಳುಗಳು ಕಳೆದ ಮೇಲೂ ಹಾಗೆಯೇ ಇದ್ದರೆ, ಅಥವಾ ಗಟ್ಟಿಯಾಗಿದ್ದದ್ದು ಮೆತ್ತಗಾದರೆ, ಪಶುವೈದ್ಯರ ಬಳಿ ಹೋಗಬೇಕು. ಮನೆಯೊಳಗೆ ಸಾಕುವವರು ಇದಕ್ಕೆಂದೇ ತಯಾರಾದ ದೀಪ ಬಳಸುತ್ತಾರೆ. ಸಾಮಾನ್ಯ ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗುವುದಿಲ್ಲ. ವಿಶೇಷ ದೀಪದಲ್ಲೂ ಒಂದು ಮೋಸವಿದೆ: ಬೆಳಕು ಮೊದಲಿನಂತೆಯೇ ಕಾಣುತ್ತಿದ್ದರೂ ಒಳಗಿನ ಅತಿನೇರಳೆ ಕಿರಣ ಕುಗ್ಗುತ್ತ ಬರುತ್ತದೆ. ಹಾಗಾಗಿ ಬಗೆಗೆ ತಕ್ಕಂತೆ 6ರಿಂದ 12 ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ.

ಬಿಸಿಲು ಒಳ್ಳೆಯದೆಂದು ಗಾಜಿನ ತೊಟ್ಟಿಯ ಸಮೇತ ಹೊರಗಿಡುವುದು ಇನ್ನೂ ಅಪಾಯ. ಆಮೆ ತನ್ನ ಮೈಶಾಖವನ್ನು ಜಾಗ ಬದಲಿಸಿಯೇ ಹೊಂದಿಸಿಕೊಳ್ಳಬೇಕು. ಎಲ್ಲ ಕಡೆಯೂ ಒಂದೇ ಸಮ ಕಾದರೆ ಸ್ವಲ್ಪ ಹೊತ್ತಿನಲ್ಲೇ ಸತ್ತುಹೋಗಬಹುದು. ತೊಟ್ಟಿಯ ಒಂದು ತುದಿಯಲ್ಲಿ ದೀಪದ ಕೆಳಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ ತಂಪು, ನಡುವೆ ಅಡಗಲು ಒಂದು ಮರೆ ಇರಬೇಕು.

ಹೆಚ್ಚು ಕಾಲ ಉಳಿದುಬಂದ ತಪ್ಪು ತೇವಕ್ಕೆ ಸಂಬಂಧಿಸಿದ್ದು. ಸಲ್ಕಾಟಾ ಸಹಾರಾದ ಅಂಚಿನ ಪ್ರಾಣಿ, ಆದ್ದರಿಂದ ಮರಿಯನ್ನು ಒಣಗಿದ ಜಾಗದಲ್ಲಿಡಬೇಕು ಎಂದು ಅನುಭವಿಗಳೂ ಸಲಹೆ ಕೊಡುತ್ತಿದ್ದರು. ಹಾಗೆ ಬೆಳೆದ ಮರಿಗಳ ಚಿಪ್ಪಿನ ಪ್ರತಿ ಬಿಲ್ಲೆಯೂ ಪುಟ್ಟ ಗೋಪುರದಂತೆ ಉಬ್ಬಿ ನಿಲ್ಲುತ್ತಿತ್ತು, ದೋಷವನ್ನು ಪ್ರೋಟೀನ್ ಹೆಚ್ಚಾಯಿತೆಂದು ಆಹಾರದ ಮೇಲೆ ಹೊರಿಸಲಾಗುತ್ತಿತ್ತು. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ವೀಸ್ನರ್ ಮತ್ತು ಈಬೆನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಿರುಗಿಸಿಹಾಕಿತು. ಸಲ್ಕಾಟಾ ಮರಿಗಳನ್ನು ಬೇರೆ ಬೇರೆ ಪ್ರಮಾಣದ ತೇವ ಮತ್ತು ಪ್ರೋಟೀನಿನಲ್ಲಿ ಬೆಳೆಸಿ ನೋಡಿದಾಗ, ಒಣ ಗಾಳಿಯಲ್ಲಿದ್ದವುಗಳ ಚಿಪ್ಪೇ ಹೆಚ್ಚು ಉಬ್ಬಿತ್ತು. ಪ್ರೋಟೀನಿನ ಪ್ರಭಾವ ಅಲ್ಪ. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಮರುಭೂಮಿಯ ಅಂಚಿನಲ್ಲಿದ್ದರೂ ಈ ಪ್ರಾಣಿ ಬಿಸಿ ಹೊತ್ತನ್ನು ಕಳೆಯುವುದು ಬಿಲದೊಳಗೆ, ಅಲ್ಲಿನ ಗಾಳಿ ಹೊರಗಿಗಿಂತ ತೇವವಾಗಿರುತ್ತದೆ. ಹಾಗಾಗಿ ಈಗ ಮರಿಗಳಿಗೆ ತುಸು ಒದ್ದೆಯಾದ ಮಣ್ಣಿನ ಹಾಸು ಹಾಕುತ್ತಾರೆ. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ ಕೂರಿಸುತ್ತಾರೆ. ನೀರು ಗಲ್ಲ ದಾಟಬಾರದು. ನೆಲದ ಆಮೆಗೆ ಈಜು ಬಾರದು, ಆಳದ ಬಟ್ಟಲಲ್ಲಿ ಮಗುಚಿಬಿದ್ದ ಮರಿ ಮುಳುಗಿ ಸಾಯುತ್ತದೆ.

ಸೌತೆಕಾಯಿ, ಟೊಮೆಟೊ, ಬಿಳಿ ಲೆಟ್ಯೂಸ್ ಎಲೆ ಆಮೆಯ ಊಟ ಎಂಬ ಚಿತ್ರ ಮಕ್ಕಳ ಪುಸ್ತಕಗಳಿಂದ ಬಂದದ್ದಿರಬಹುದು. ಅವುಗಳಲ್ಲಿ ನೀರೇ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಮರಿಗೆ ಬೇಕಾದದ್ದು ನಾರು ತುಂಬಿದ, ಫಾಸ್ಫರಸ್‌ಗಿಂತ ಕ್ಯಾಲ್ಸಿಯಂ ಹೆಚ್ಚಿರುವ ಸೊಪ್ಪು: ಡ್ಯಾಂಡೆಲಿಯನ್, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಅದು ದಿನದ ಊಟವಾಗಬಾರದು. ಹಣ್ಣು ದಕ್ಷಿಣ ಅಮೆರಿಕದ ಕೆಂಪುಕಾಲಿನ ಆಮೆಗೆ ಒಗ್ಗುತ್ತದೆ, ಹುಲ್ಲು ಮೇಯುವ ಸಲ್ಕಾಟಾಗೆ ಹೊಟ್ಟೆ ಕೆಡಿಸುತ್ತದೆ. ನಾಯಿಯ ಆಹಾರ, ಅನ್ನ, ಹಾಲಿನಲ್ಲಿ ನೆನೆಸಿದ ಬ್ರೆಡ್ ಯಾವ ನೆಲದ ಆಮೆಗೂ ಬೇಡ.

ಒಂಟಿಯಾದರೆ ಬೇಸರವಾಗುತ್ತದೆಂದು ಜೋಡಿ ತರುವವರು ಮನುಷ್ಯರ ಸ್ವಭಾವವನ್ನು ಆಮೆಗೆ ಅಂಟಿಸುತ್ತಿದ್ದಾರೆ. ಎರಡರಲ್ಲಿ ಬಲಶಾಲಿಯಾದದ್ದು ಇನ್ನೊಂದನ್ನು ಹಿಂಬಾಲಿಸಿ, ಆಹಾರದ ಮೇಲೆ ಕೂತು, ಬೆಚ್ಚನೆಯ ಜಾಗ ಬಿಡದೆ ಕಾಡುತ್ತದೆ. ಮೇಲಿಂದ ನೋಡಿದರೆ ಅದು ಅಕ್ಕರೆಯಂತೆ ಕಾಣುವುದೇ ತೊಂದರೆ.

ಚಳಿಗಾಲದಲ್ಲಿ ಎಲ್ಲ ಆಮೆಗಳೂ ನಿದ್ದೆಗೆ ಜಾರುತ್ತವೆ ಎಂಬುದೂ ನಿಜವಲ್ಲ. ಹರ್ಮನ್ ಆಮೆ ಶಿಶಿರನಿದ್ರೆ ಮಾಡುತ್ತದೆ, ಸಲ್ಕಾಟಾ ಮಾಡುವುದಿಲ್ಲ. ಚಳಿಗೆ ಬಿಟ್ಟರೆ ಅದಕ್ಕೆ ಶ್ವಾಸಕೋಶದ ಸೋಂಕು ತಗಲುತ್ತದೆ. ಮಲಗುವ ಜಾತಿಯದಾದರೂ ಆರೋಗ್ಯವಾಗಿರಬೇಕು, ಮುಂಚೆಯೇ ಊಟ ನಿಲ್ಲಿಸಿ ಹೊಟ್ಟೆ ಖಾಲಿಯಾಗಿರಬೇಕು, ತಾಪ 5 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಇದಕ್ಕಾಗಿ ಅನುಭವಿಗಳು ಪ್ರತ್ಯೇಕ ಫ್ರಿಜ್ ಇಟ್ಟುಕೊಳ್ಳುವುದುಂಟು.

ನೋಡಲು ಸ್ವಚ್ಛವಾಗಿರುವ ಮರಿಯಿಂದ ರೋಗ ಬಾರದು ಎಂದು ಮಕ್ಕಳ ಕೈಗೆ, ಕೆನ್ನೆಗೆ ಕೊಡುವವರಿದ್ದಾರೆ. ಯಾವ ಲಕ್ಷಣವೂ ಇಲ್ಲದ ಆಮೆಯ ಕರುಳಿನಲ್ಲೂ ಸಾಲ್ಮೊನೆಲ್ಲಾ ಇರಬಹುದು. ಚಿಪ್ಪು 4 ಇಂಚಿಗಿಂತ ಚಿಕ್ಕದಾದ ಆಮೆಗಳನ್ನು ಸಾಕಲೆಂದು ಮಾರುವುದನ್ನು ಅಮೆರಿಕ 1975ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು, ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಕರ್ನಾಟಕದ ಮಟ್ಟಿಗೆ ಇನ್ನೊಂದು ನಂಬಿಕೆ ಸೇರುತ್ತದೆ: ಮನೆಯಲ್ಲಿ ಆಮೆಯಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆ ಎಂಬುದು. ಕೋಲಾರದ ಕಡೆಯ ಕುರುಚಲು ಕಾಡಿನಲ್ಲಿ ಕಾಣುವ ನಕ್ಷತ್ರ ಆಮೆಗೆ ಈ ನಂಬಿಕೆಯೇ ಕಂಟಕ. ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2022ರ ತಿದ್ದುಪಡಿಯ ನಂತರ ಅದು ಮೊದಲನೇ ಅನುಸೂಚಿಯ ಪ್ರಾಣಿ, ಶಿಕ್ಷೆ ಕನಿಷ್ಠ 3 ವರ್ಷ ಜೈಲು. ‘ಮನೆಯಲ್ಲೇ ಹುಟ್ಟಿದ ಮರಿ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಪುಣ್ಯ ಬರಲೆಂದು ಅದನ್ನು ದೇವಸ್ಥಾನದ ಕಲ್ಯಾಣಿಗೆ ಬಿಟ್ಟರೆ ಅದು ಬದುಕುವುದಿಲ್ಲ, ನೆಲದ ಪ್ರಾಣಿ ನೀರಿನಲ್ಲಿ ಮುಳುಗುತ್ತದೆ. ದಾರಿಯಲ್ಲಿ ಸಿಕ್ಕಿದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು.