ವಿದ್ಯುತ್ ಕಾರುಗಳ ದೂರಪ್ರಯಾಣ ಮತ್ತು ಶೀಘ್ರ ಚಾರ್ಜಿಂಗ್ ಕೇಂದ್ರಗಳು: ಜಾಗ ನೀಡುವ ಮುನ್ನ ಗ್ರಾಮ ಪಂಚಾಯಿತಿಗಳು ತಿಳಿಯಬೇಕಾದ ಸಂಗತಿಗಳು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ)



ತುಮಕೂರಿನಿಂದ ಶಿವಮೊಗ್ಗದ ಕಡೆಗೆ ಸಾಗುವ ಹೆದ್ದಾರಿಯು ಕಡೂರು, ಬೀರೂರು ಮತ್ತು ತರೀಕೆರೆಗಳ ಮೂಲಕ ಹಾದುಹೋಗುತ್ತದೆ. ಈ ಮಾರ್ಗದಲ್ಲಿ ಹಸಿರು ಬಣ್ಣದ ನೋಂದಣಿ ಫಲಕ ಹೊತ್ತ ವಿದ್ಯುತ್ ಕಾರುಗಳು ಈಗ ಅಪರೂಪವಲ್ಲ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2023ರಲ್ಲಿ ಅಂತರನಗರ ವಿದ್ಯುತ್ ಬಸ್ಸುಗಳನ್ನು ಆರಂಭಿಸಿ, ಬೆಂಗಳೂರಿನಿಂದ ಚಿಕ್ಕಮಗಳೂರು ಮತ್ತು ಶಿವಮೊಗ್ಗಗಳಿಗೂ ಅವುಗಳ ಸಂಚಾರವನ್ನು ವಿಸ್ತರಿಸಿದೆ. ವಾಹನಗಳು ಹೆಚ್ಚಿದಂತೆ ಚಾರ್ಜಿಂಗ್ ಕೇಂದ್ರಕ್ಕೆ ಜಾಗ ಕೋರುವ ಅರ್ಜಿಗಳೂ ಪಂಚಾಯಿತಿ ಸಭೆಗಳ ಮುಂದೆ ಬರುವುದು ಸಹಜ. ಇಂತಹ ಅರ್ಜಿಯ ಮೇಲೆ ಕೈಗೊಳ್ಳುವ ನಿರ್ಣಯವು ಹತ್ತು ವರ್ಷಗಳ ಕಾಲ ಊರಿನ ಜಾಗವನ್ನೂ ವಿದ್ಯುತ್ ಜಾಲವನ್ನೂ ಬಾಧಿಸಬಲ್ಲದು. ಆದ್ದರಿಂದ ವಿಷಯದ ಒಳಹೊರಗನ್ನು ಅರಿತು ನಿರ್ಣಯಿಸುವುದು ಒಳಿತು. ಈ ಲೇಖನವು ಆದೇಶವಲ್ಲ, ತಿಳಿವಳಿಕೆಗಾಗಿ ಮಾತ್ರ.

ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ?

ಪೆಟ್ರೋಲ್ ಕಾರಿನ ಟ್ಯಾಂಕನ್ನು ಲೀಟರಿನಲ್ಲಿ ಅಳೆಯುವಂತೆ ವಿದ್ಯುತ್ ಕಾರಿನ ಬ್ಯಾಟರಿಯನ್ನು ಕಿಲೋವ್ಯಾಟ್-ಗಂಟೆಯಲ್ಲಿ ಅಳೆಯಲಾಗುತ್ತದೆ. ಒಂದು ಕಿಲೋವ್ಯಾಟ್-ಗಂಟೆ ಎಂದರೆ ನಮ್ಮ ಮನೆಯ ಮೀಟರಿನ ಒಂದು ಯೂನಿಟ್. ಸಾಧಾರಣ ಗಾತ್ರದ ಕಾರು ಸಮತಟ್ಟಾದ ರಸ್ತೆಯಲ್ಲಿ ಒಂದು ಯೂನಿಟ್ಟಿಗೆ ಆರರಿಂದ ಏಳು ಕಿಲೋಮೀಟರ್ ಕ್ರಮಿಸುತ್ತದೆ ಎಂದು ಸ್ಥೂಲವಾಗಿ ಲೆಕ್ಕ ಹಿಡಿಯಬಹುದು.

ಬೆಂಗಳೂರಿನಲ್ಲಿಯೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಚಲಿಸುತ್ತಿತ್ತು, ಅದು ನಗರದೊಳಗಿನ ವಾಹನವಾಗಿತ್ತು. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಯೂನಿಟ್ ಸಾಮರ್ಥ್ಯದ್ದು. ಅದರ ಪ್ರಮಾಣೀಕೃತ ವ್ಯಾಪ್ತಿ 312 ಕಿ.ಮೀ. ನಂತರ ಬಂದ ಹಲವು ಕಾರುಗಳಲ್ಲಿ 40 ಯೂನಿಟ್ ಮತ್ತು ಅದಕ್ಕಿಂತ ದೊಡ್ಡ ಬ್ಯಾಟರಿಗಳಿವೆ.

ಪ್ರಮಾಣೀಕೃತ ವ್ಯಾಪ್ತಿಯು ಪ್ರಯೋಗಶಾಲೆಯ ಪರೀಕ್ಷೆಯಿಂದ ಬಂದ ಅಂಕಿಯಾಗಿದೆ. ನಿಜವಾದ ರಸ್ತೆಯಲ್ಲಿ ಅದರ ಮೂರನೇ ಎರಡು ಭಾಗದಿಂದ ಮುಕ್ಕಾಲು ಭಾಗದಷ್ಟು ದೊರೆಯುವುದೇ ಸಾಮಾನ್ಯ. ಇದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು ವೇಗ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 80 ಕಿ.ಮೀ. ವೇಗದ ಬದಲು 100 ಕಿ.ಮೀ. ವೇಗದಲ್ಲಿ ಹೋದರೆ ಆ ಪ್ರತಿರೋಧ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಎರಡನೆಯದು ಏರು. ತರೀಕೆರೆಯಿಂದ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹೋಗುವ ವಾಹನ ಸುಮಾರು 700 ಮೀಟರ್ ಮೇಲೇರಬೇಕು. ಪ್ರಯಾಣಿಕರೂ ಸೇರಿ 1,800 ಕಿಲೋಗ್ರಾಂ ತೂಗುವ ಕಾರಿಗೆ ಈ ಏರಿಗಷ್ಟೇ ಹೆಚ್ಚುವರಿಯಾಗಿ ಸುಮಾರು 4 ಯೂನಿಟ್ ಬೇಕು. ಅಂದರೆ ಬಯಲಿನಲ್ಲಿ 25 ಕಿ.ಮೀ. ಕ್ರಮಿಸಬಹುದಾಗಿದ್ದ ಶಕ್ತಿ. ಇಳಿಯುವಾಗ ಮೋಟಾರು ಜನರೇಟರಿನಂತೆ ಕೆಲಸ ಮಾಡಿ ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಆದರೆ ಮೊದಲು ಏರಿದ ಮೇಲೆ ತಾನೇ ಇಳಿಯುವುದು!

ಕೇಂದ್ರಗಳ ಬೇಡಿಕೆ ನಮ್ಮ ಭಾಗದಲ್ಲಿ ಏಕೆ?

ಬೆಂಗಳೂರಿನಿಂದ ಕಡೂರಿಗೆ ತುಮಕೂರು–ಅರಸೀಕೆರೆ ಮಾರ್ಗವಾಗಿ ಸುಮಾರು 210ರಿಂದ 220 ಕಿ.ಮೀ. ದೂರವಿದೆ. ಮೇಲೆ ಹೇಳಿದ 30 ಯೂನಿಟ್ಟಿನ ಕಾರು ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಬಂದರೆ ಇಲ್ಲಿಗೆ ತಲಪುವ ಹೊತ್ತಿಗೆ ಅಥವಾ ಅದಕ್ಕೂ ಮುನ್ನವೇ ಅದರ ಬ್ಯಾಟರಿ ಬರಿದಾಗಿರುತ್ತದೆ. 40–45 ಯೂನಿಟ್ಟಿನ ಕಾರು ಕಡೂರನ್ನು ಸುಖವಾಗಿ ತಲಪೀತು. ಆದರೆ ಅಲ್ಲಿಂದ ಮುಂದೆ ಬಾಬಾಬುಡನ್‌ಗಿರಿ ಶ್ರೇಣಿಯನ್ನೋ ಕೆಮ್ಮಣ್ಣುಗುಂಡಿಯನ್ನೋ ಏರಿ, ಇಳಿದು, ಹಿಂದಿರುಗಲು ಉಳಿದ ಶಕ್ತಿ ಸಾಲದು. ಲಕ್ಕವಳ್ಳಿಯ ಭದ್ರಾ ಜಲಾಶಯ, ಕಲ್ಲತ್ತಿಗಿರಿ, ಅಮೃತಾಪುರದ ಅಮೃತೇಶ್ವರ ದೇವಾಲಯಗಳಿಗೆ ಬರುವ ಪ್ರವಾಸಿಗರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹೀಗಾಗಿ ವಿದ್ಯುತ್ ಕಾರಿನ ದೂರಪ್ರಯಾಣವು ಬ್ಯಾಟರಿಯ ಗಾತ್ರವನ್ನಷ್ಟೇ ಅವಲಂಬಿಸಿಲ್ಲ. ಒಂದು ಕೇಂದ್ರದಿಂದ ಮತ್ತೊಂದಕ್ಕೆ ಎಷ್ಟು ಅಂತರ, ಆ ಕೇಂದ್ರ ನಂಬಿಕೆಗೆ ಅರ್ಹವೇ ಎಂಬುದೂ ಅಷ್ಟೇ ಮುಖ್ಯ. ಕೇಂದ್ರ ವಿದ್ಯುತ್ ಸಚಿವಾಲಯದ 2018ರ ಡಿಸೆಂಬರ್ ಮಾರ್ಗಸೂಚಿಯು ಹೆದ್ದಾರಿಗಳ ಎರಡೂ ಬದಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಕೇಂದ್ರವಿರಬೇಕೆಂದು ಆಶಿಸಿತ್ತು. 2024ರ ಸೆಪ್ಟೆಂಬರ್ ಮಾರ್ಗಸೂಚಿಯು ಈ ಅಂತರವನ್ನು 20 ಕಿ.ಮೀ.ಗೆ ಇಳಿಸಿದೆ. ಬಸ್ಸು ಮತ್ತು ಲಾರಿಗಳಿಗೆ 100 ಕಿ.ಮೀ. ಅಂತರವನ್ನು ಸೂಚಿಸಲಾಗಿದೆ.

ನಿಧಾನ ಮತ್ತು ಶೀಘ್ರ ಚಾರ್ಜಿಂಗ್

40 ಯೂನಿಟ್ಟಿನ ಬ್ಯಾಟರಿಯನ್ನು ಶೇ. 20ರಿಂದ ಶೇ. 80ಕ್ಕೆ ತರಲು 24 ಯೂನಿಟ್ ಬೇಕು. ಮನೆಯ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಇದಕ್ಕೆ ಸುಮಾರು 8 ಗಂಟೆ, ಅಂದರೆ ಒಂದು ರಾತ್ರಿ ಹಿಡಿಯುತ್ತದೆ. 7.2 ಕಿಲೋವ್ಯಾಟ್ ಚಾರ್ಜರಿನಲ್ಲಿ ಮೂರೂವರೆ ಗಂಟೆ ಬೇಕಾದೀತು. 30 ಕಿಲೋವ್ಯಾಟ್ ಶೀಘ್ರ ಚಾರ್ಜರಿನಲ್ಲಿ ಸುಮಾರು 50 ನಿಮಿಷ. 60 ಕಿಲೋವ್ಯಾಟ್‌ನದಾದರೆ ಅರ್ಧ ಗಂಟೆ. ಆದರೆ ಯಾವ ಕಾರೂ ತನ್ನ ಮಿತಿಗಿಂತ ಹೆಚ್ಚಿನ ವೇಗದಲ್ಲಿ ವಿದ್ಯುತ್ತನ್ನು ಸ್ವೀಕರಿಸದು. ಶೇ. 80 ದಾಟಿದ ನಂತರ ಬ್ಯಾಟರಿಯ ರಕ್ಷಣೆಗಾಗಿ ವೇಗ ತಾನಾಗಿಯೇ ತಗ್ಗುತ್ತದೆ. ಆದ್ದರಿಂದ ಹೆದ್ದಾರಿಯ ಪ್ರಯಾಣಿಕರು ಪೂರ್ತಿ ತುಂಬಿಸದೆ ಶೇ. 80ಕ್ಕೆ ಹೊರಡುವುದು ರೂಢಿ.

ಈ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ತಂಗುವಿಕೆಯೇ ಊರಿಗೆ ದೊರೆಯುವ ಅವಕಾಶ. ಚಹಾ, ಊಟ, ಎಳನೀರು, ಸ್ವಸಹಾಯ ಗುಂಪುಗಳ ತಿನಿಸುಗಳಿಗೆ ಗಿರಾಕಿ ದೊರೆಯುತ್ತಾರೆ. ಅಷ್ಟೇ ಕಾಲ ಅವರಿಗೆ ಶೌಚಾಲಯ, ಕುಡಿಯುವ ನೀರು, ರಾತ್ರಿಯ ಬೆಳಕು ಬೇಕಾಗುತ್ತವೆ ಎಂಬುದನ್ನೂ ಮರೆಯಲಾಗದು.

ಪಂಪ್‌ಸೆಟ್ಟುಗಳ ಪ್ರಶ್ನೆ

ಗ್ರಾಮಸಭೆಯಲ್ಲಿ ರೈತರು ಮೊದಲು ಕೇಳುವ ಪ್ರಶ್ನೆ ಇದೇ ಆಗಿರುತ್ತದೆ ಮತ್ತು ಅದು ನ್ಯಾಯವಾದ ಪ್ರಶ್ನೆ. 60 ಕಿಲೋವ್ಯಾಟ್ ಎಂದರೆ 80 ಅಶ್ವಶಕ್ತಿ. ಅಂದರೆ 5 ಅಶ್ವಶಕ್ತಿಯ 16 ಪಂಪ್‌ಸೆಟ್ಟುಗಳು ಒಮ್ಮೆಲೇ ಚಾಲನೆಯಾದಷ್ಟು ಹೊರೆ. ಊರಿನ ಹಳೆಯ 63 ಕೆ.ವಿ.ಎ. ಟಿ.ಸಿ.ಗೆ ಇದನ್ನು ಜೋಡಿಸಿದರೆ ವೋಲ್ಟೇಜ್ ಕುಸಿದು, ಅಡಿಕೆ ತೋಟದ ಮೋಟಾರುಗಳಿಗೂ ಕುಡಿಯುವ ನೀರಿನ ಕೊಳವೆಬಾವಿಯ ಪಂಪಿಗೂ ಹಾನಿಯಾಗುವ ಸಂಭವವಿದೆ.

ಆದ್ದರಿಂದ ಶೀಘ್ರ ಚಾರ್ಜಿಂಗ್ ಕೇಂದ್ರಕ್ಕೆ 11 ಕೆ.ವಿ. ಮಾರ್ಗದಿಂದ ಪ್ರತ್ಯೇಕ ಪರಿವರ್ತಕವಿರುವುದು ಅಗತ್ಯ. ನಿರಂತರ ಜ್ಯೋತಿ ಯೋಜನೆಯಡಿ ಕೃಷಿಯೇತರ ಬಳಕೆಗೆಂದು ಪ್ರತ್ಯೇಕಿಸಿದ ಫೀಡರ್ ಇರುವಲ್ಲಿ ಅದರಿಂದಲೇ ಸಂಪರ್ಕ ಪಡೆಯುವುದು ಸೂಕ್ತ. ಕೃಷಿ ಫೀಡರಿನಲ್ಲಿ ಮೂರು ಫೇಸ್ ವಿದ್ಯುತ್ ನಿಗದಿತ ಗಂಟೆಗಳಷ್ಟೇ ಇರುವುದರಿಂದ ಅದು ಚಾರ್ಜಿಂಗ್ ಕೇಂದ್ರಕ್ಕೂ ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯಲ್ಲಿ ವಿದ್ಯುತ್ ಸಂಪರ್ಕ ನೀಡುವುದು ಮೆಸ್ಕಾಂ. ಹೊರೆ ತಾಳುವ ಸಾಮರ್ಥ್ಯದ ಬಗ್ಗೆ ಮೆಸ್ಕಾಂ ಅಧಿಕಾರಿಗಳ ಲಿಖಿತ ಅಭಿಪ್ರಾಯ ಕಡತದಲ್ಲಿರುವುದು ಪಂಚಾಯಿತಿಗೂ ರೈತರಿಗೂ ರಕ್ಷಣೆ.

2024ರ ಮಾರ್ಗಸೂಚಿಯು ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಸೌರ ಅವಧಿಯಲ್ಲಿ ಕೇಂದ್ರಗಳಿಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ವೇಳೆ 1.3 ಪಟ್ಟು ದರವನ್ನು ಸೂಚಿಸುತ್ತದೆ. ಹಗಲಿನ ಸೌರವಿದ್ಯುತ್ ಬಳಕೆಯಾಗಲಿ, ಸಂಜೆಯ ಹೊರೆ ತಗ್ಗಲಿ ಎಂಬುದು ಇದರ ಉದ್ದೇಶ. ರಾಜ್ಯದಲ್ಲಿ ದರ ನಿಗದಿಪಡಿಸುವ ಅಧಿಕಾರ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು.

ಜಾಗ, ಅನುಮತಿ ಮತ್ತು ವರಮಾನ

ವಾಹನ ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿಯೇ ಸ್ಪಷ್ಟಪಡಿಸಿದೆ. ಆದ್ದರಿಂದ 2003ರ ವಿದ್ಯುಚ್ಛಕ್ತಿ ಅಧಿನಿಯಮದಡಿ ಇದಕ್ಕೆ ಪರವಾನಗಿ ಬೇಕಿಲ್ಲ. ಸುರಕ್ಷತಾ ನಿಯಮಗಳನ್ನು ಪಾಲಿಸಿ ಯಾರು ಬೇಕಾದರೂ ಕೇಂದ್ರ ತೆರೆಯಬಹುದು. ಆದರೆ ವಿದ್ಯುತ್ ಪರವಾನಗಿ ಬೇಡವೆಂದ ಮಾತ್ರಕ್ಕೆ ಬೇರೆ ಅನುಮತಿಗಳೂ ಬೇಡವೆಂದಲ್ಲ. ಕಟ್ಟಡ ನಿರ್ಮಾಣಕ್ಕೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಪ್ರಕರಣ ಅನ್ವಯಿಸುತ್ತದೆ. ಹೆದ್ದಾರಿಯಿಂದ ಪ್ರವೇಶ ಮಾರ್ಗ ಪಡೆಯಲು ಸಂಬಂಧಿತ ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆ ಬೇಕು.

ಜಾಗದ ವಿಚಾರದಲ್ಲಿ ವಿಶೇಷ ಎಚ್ಚರ ಅಗತ್ಯ. ಗೋಮಾಳ, ಅಮೃತಮಹಲ್ ಕಾವಲು, ಕೆರೆಯಂಗಳ, ಅರಣ್ಯ ಇವು ಗ್ರಾಮದ ಎಲ್ಲೆಯೊಳಗಿದ್ದರೂ ಪಂಚಾಯಿತಿಯು ತನ್ನ ನಿರ್ಣಯದಿಂದಲೇ ಕೊಡಬಹುದಾದ ಜಾಗಗಳಲ್ಲ. ಪಂಚಾಯಿತಿಯ ಹೆಸರಿನಲ್ಲಿ ದಾಖಲೆ ಇರುವ ಜಾಗವನ್ನಷ್ಟೇ ಪರಿಗಣಿಸಬೇಕು.

ಸಾರ್ವಜನಿಕ ಸಂಸ್ಥೆಗಳ ಜಮೀನನ್ನು ವರಮಾನ ಹಂಚಿಕೆಯ ಆಧಾರದಲ್ಲಿ ನೀಡುವ ಮಾದರಿಯನ್ನು 2022ರ ಜನವರಿಯ ಪರಿಷ್ಕೃತ ಮಾರ್ಗಸೂಚಿ ಮುಂದಿಟ್ಟಿತು. ಅದರಂತೆ ಕೇಂದ್ರ ನಡೆಸುವುದು ಸರ್ಕಾರಿ ಸಂಸ್ಥೆಯಾದರೆ ಯೂನಿಟ್ಟಿಗೆ 1 ರೂಪಾಯಿ ಜಮೀನಿನ ಒಡೆತನದ ಸಂಸ್ಥೆಗೆ ಸಲ್ಲಬೇಕು. ಖಾಸಗಿಯವರಾದರೆ 1 ರೂಪಾಯಿಯನ್ನು ಕನಿಷ್ಠವಾಗಿಟ್ಟು ಬಿಡ್ ಕರೆಯಬೇಕು. ಒಪ್ಪಂದದ ಆರಂಭಿಕ ಅವಧಿ 10 ವರ್ಷ.

ಇದರ ಲೆಕ್ಕ ಹೀಗಿದೆ. ದಿನಕ್ಕೆ 8 ಕಾರುಗಳು ತಲಾ 20 ಯೂನಿಟ್ ತುಂಬಿಸಿದರೆ ಪಂಚಾಯಿತಿಗೆ ದಿನಕ್ಕೆ 160 ರೂಪಾಯಿ, ವರ್ಷಕ್ಕೆ 58,400 ರೂಪಾಯಿ. ಎರಡೇ ಕಾರುಗಳು ಬಂದರೆ ವರ್ಷಕ್ಕೆ 14,600 ರೂಪಾಯಿ. ಮುಖ್ಯರಸ್ತೆಯ ಬದಿಯ ಜಾಗದಲ್ಲಿ ಎರಡು ಮಳಿಗೆ ಕಟ್ಟಿದರೆ ಬರುವ ಬಾಡಿಗೆಯೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಕೇಂದ್ರ ಬಂದರೆ ಬೊಕ್ಕಸ ತುಂಬುತ್ತದೆ ಎಂಬ ನಿರೀಕ್ಷೆಯೂ, ಅದರಿಂದ ಏನೂ ಇಲ್ಲ ಎಂಬ ಉಪೇಕ್ಷೆಯೂ ಸರಿಯಲ್ಲ.

ಎಲ್ಲ ಊರಿಗೂ ಒಂದೇ ಅಳತೆಯಲ್ಲ

ಅಜ್ಜಂಪುರ ಪಟ್ಟಣವು ಶಿವಮೊಗ್ಗ ಹೆದ್ದಾರಿಯ ಮೇಲಿಲ್ಲ. ಅದು ಬೀರೂರು–ಚಿಕ್ಕಜಾಜೂರು ರೈಲು ಮಾರ್ಗದಲ್ಲಿದೆ. ದೂರದ ಕಾರುಗಳು ಹಾಯದ ಒಳರಸ್ತೆಯಲ್ಲಿ ದುಬಾರಿ ಶೀಘ್ರ ಚಾರ್ಜರ್ ಸ್ಥಾಪಿಸಿದರೆ ಅದು ಬಳಕೆಯಿಲ್ಲದೆ ನಿಲ್ಲುವ ಸಂಭವವೇ ಹೆಚ್ಚು. ಅಂತಹ ಕಡೆ ಸ್ಥಳೀಯರ ವಿದ್ಯುತ್ ಸ್ಕೂಟರ್ ಮತ್ತು ಆಟೊಗಳಿಗೆ ನೆರವಾಗುವ ಸಣ್ಣ ಚಾರ್ಜಿಂಗ್ ಬಿಂದುಗಳು ಬಸ್ ನಿಲ್ದಾಣ, ಸಂತೆ ಮೈದಾನ, ಪಂಚಾಯಿತಿ ಕಚೇರಿಗಳ ಬಳಿ ಹೆಚ್ಚು ಉಪಯುಕ್ತ. ಇವಕ್ಕೆ ದೊಡ್ಡ ಪರಿವರ್ತಕದ ಅಗತ್ಯವಿಲ್ಲ, ವೆಚ್ಚವೂ ಕಡಿಮೆ. ಹೆದ್ದಾರಿಯಂಚಿನ ಪಂಚಾಯಿತಿಗಳು ಶೀಘ್ರ ಕೇಂದ್ರವನ್ನೂ, ಒಳನಾಡಿನ ಪಂಚಾಯಿತಿಗಳು ಸಣ್ಣ ಬಿಂದುಗಳನ್ನೂ ಯೋಚಿಸುವುದು ವಿವೇಕ.

ನಿರ್ಣಯಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಜಾಗದ ದಾಖಲೆ ಪಂಚಾಯಿತಿಯ ಹೆಸರಿನಲ್ಲಿದೆಯೇ? ಗ್ರಾಮಸಭೆಯಲ್ಲಿ ವಿಷಯ ಮಂಡನೆಯಾಗಿದೆಯೇ?

2. ಪ್ರತ್ಯೇಕ ಪರಿವರ್ತಕದ ವೆಚ್ಚವನ್ನು ಯಾರು ಭರಿಸುತ್ತಾರೆ? ಮೆಸ್ಕಾಂನ ಲಿಖಿತ ಅಭಿಪ್ರಾಯ ಬಂದಿದೆಯೇ?

3. ಯೂನಿಟ್ ಲೆಕ್ಕವನ್ನು ಪಂಚಾಯಿತಿಯು ತಾನೇ ಪರಿಶೀಲಿಸಬಹುದೇ? ಪಾಲಿನ ಹಣ ಯಾವ ದಿನಾಂಕದೊಳಗೆ ಜಮೆಯಾಗುತ್ತದೆ?

4. ಯಂತ್ರ ಕೆಟ್ಟರೆ ಎಷ್ಟು ಗಂಟೆಗಳಲ್ಲಿ ದುರಸ್ತಿ? ತಪ್ಪಿದರೆ ದಂಡವೇನು? ಒಂದು ಗನ್ ಕೆಟ್ಟರೂ ಇನ್ನೊಂದು ಕೆಲಸ ಮಾಡುವಂತಿದೆಯೇ?

5. ಮಳೆಗಾಲಕ್ಕೆ ತಕ್ಕ ಮೇಲ್ಛಾವಣಿ, ಅರ್ಥಿಂಗ್, ಅಗ್ನಿಶಾಮಕ ಸಾಧನಗಳಿವೆಯೇ?

6. ಶೌಚಾಲಯ, ನೀರು, ಬೆಳಕಿನ ಹೊಣೆ ಯಾರದು?

7. ಕೇಂದ್ರವನ್ನು ಮುಚ್ಚಿದರೆ ಜಾಗವನ್ನು ಎಷ್ಟು ದಿನಗಳಲ್ಲಿ, ಯಾವ ಸ್ಥಿತಿಯಲ್ಲಿ ಹಿಂದಿರುಗಿಸುತ್ತಾರೆ?

ಇವುಗಳಲ್ಲಿ ನಾಲ್ಕನೆಯದು ಅತಿ ಮುಖ್ಯ. ಪೆಟ್ರೋಲ್ ಮುಗಿದವರಿಗೆ ಬಾಟಲಿಯಲ್ಲಿ ತಂದುಕೊಡಬಹುದು. ವಿದ್ಯುತ್ತನ್ನು ಹಾಗೆ ತರಲಾಗದು. ಕೇಂದ್ರವಿದೆ ಎಂದು ನಂಬಿ ಶೇ. 10ರಷ್ಟು ಚಾರ್ಜಿನೊಂದಿಗೆ ರಾತ್ರಿ ಬಂದ ಕುಟುಂಬಕ್ಕೆ ಕೆಟ್ಟುನಿಂತ ಯಂತ್ರ ಎದುರಾದರೆ ಅವರು ಬೆಳಗಿನವರೆಗೆ ಅಲ್ಲಿಯೇ ಉಳಿಯಬೇಕಾದೀತು. ಕೇಂದ್ರವೇ ಇಲ್ಲವೆಂದು ತಿಳಿದಿದ್ದರೆ ಅವರು ಹಿಂದಿನ ಊರಿನಲ್ಲಿಯೇ ತುಂಬಿಸಿಕೊಳ್ಳುತ್ತಿದ್ದರು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯು 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ 'ಇವಿ ಯಾತ್ರಾ' ತಾಣದಂತಹ ಕಡೆಗಳಲ್ಲಿ ಕೇಂದ್ರದ ಮಾಹಿತಿ ಸರಿಯಾಗಿ ದಾಖಲಾಗಿರಬೇಕೆಂಬ ಷರತ್ತನ್ನೂ ಒಪ್ಪಂದದಲ್ಲಿ ಸೇರಿಸಬಹುದು.

ಅರ್ಜಿ ಬಂದಿರುವ ಪಂಚಾಯಿತಿಗಳು ಮೇಲ್ಕಂಡ ಪ್ರಶ್ನೆಗಳಿಗೆ ಅರ್ಜಿದಾರರಿಂದ ಲಿಖಿತ ಉತ್ತರ ಪಡೆದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಸಾಮಾನ್ಯ ಸಭೆಯಲ್ಲಿ ಮಂಡಿಸಿ, ಚರ್ಚೆಯ ಸಾರಾಂಶವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ಕಾನೂನಿನ ಅಂಶಗಳಲ್ಲಿ ಸಂದೇಹ ಉಂಟಾದಲ್ಲಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳ ಮಾರ್ಗದರ್ಶನ ಪಡೆಯಲು ಕೋರಲಾಗಿದೆ.