ಕ್ಲಾವಿಯುಸ್ ಗುರುಗಳ ರೇಖಾಗಣಿತ

ಗೋಡೆಯ ಕ್ಯಾಲೆಂಡರಿನಲ್ಲಿ ಪಾಸ್ಖ ಹಬ್ಬದ ದಿನವನ್ನು ಹುಡುಕುವಾಗ, ಅದರ ಹಿಂದೆ ಗಣಿತದ ಉಪಾಧ್ಯಾಯರೊಬ್ಬರ ದುಡಿಮೆಯೂ ಇದೆಯೆಂಬುದನ್ನು ನಾವು ನೆನೆಯುವುದು ಅಪರೂಪ. ಅವರೇ ಯೇಸುಸಭೆಯ ಗುರು ಕ್ರಿಸ್ಟೋಫರ್ ಕ್ಲಾವಿಯುಸ್. ಜರ್ಮನಿಯ ಬಾಂಬೆರ್ಗ್ ಪ್ರಾಂತದಲ್ಲಿ 1538ರಲ್ಲಿ ಜನಿಸಿದ ಇವರು, ಸಂತ ಇಗ್ನಾಸಿಯವರು ಜೀವಿಸಿದ್ದಾಗಲೇ, 1555ರಲ್ಲಿ ಸಭೆಯನ್ನು ಸೇರಿದರು. ಬಳಿಕ ನಾಲ್ಕು ದಶಕಗಳಿಗೂ ಮಿಗಿಲಾಗಿ ರೋಮಿನ ಯೇಸುಸಭೆಯ ಮಹಾವಿದ್ಯಾಲಯದಲ್ಲಿ ಗಣಿತದ ಆಚಾರ್ಯರಾಗಿದ್ದರು.

ಜಗದ್ಗುರು ಹದಿಮೂರನೆಯ ಗ್ರೆಗೋರಿಯವರು 1582ರಲ್ಲಿ ಪಂಚಾಂಗವನ್ನು ತಿದ್ದಿದಾಗ, ಅಕ್ಟೋಬರ್ 4ರ ಮರುದಿನವೇ 15 ಆಯಿತು. ಮೂಲ ಯೋಜನೆ ಲುಯಿಜಿ ಲಿಲಿಯೋ ಎಂಬ ವೈದ್ಯರದು. ಅದನ್ನು ಲೋಕಕ್ಕೆ ವಿವರಿಸಿ, ಟೀಕಾಕಾರರಿಗೆ ಉತ್ತರವಿತ್ತವರು ಕ್ಲಾವಿಯುಸ್.

ಇಷ್ಟಾದರೂ ಅವರ ವಿಷಯಕ್ಕೆ ಅಂದಿನ ಶಾಲೆಗಳಲ್ಲಿ ಮರ್ಯಾದೆ ಸಾಲದಾಗಿತ್ತು. ಗಣಿತವು ವಸ್ತುಗಳ ಕಾರಣವನ್ನು ತೋರಿಸದು, ಆದ್ದರಿಂದ ಅದು ನಿಜವಾದ ಶಾಸ್ತ್ರವೇ ಅಲ್ಲವೆಂದು ತತ್ತ್ವಶಾಸ್ತ್ರದ ಕೆಲವು ಅಧ್ಯಾಪಕರು ವಿದ್ಯಾರ್ಥಿಗಳ ಮುಂದೆಯೇ ಹೇಳುತ್ತಿದ್ದರು. ಗುರುವೇ ಹಗುರಾಗಿ ಕಂಡ ಪಾಠವನ್ನು ಶಿಷ್ಯನು ಏಕೆ ಓದಿಯಾನು? ಕ್ಲಾವಿಯುಸರು ತಮ್ಮ ಮೇಲಿನವರಿಗೆ ಇದನ್ನು ನೇರವಾಗಿ ಬರೆದರು. ಗಣಿತದ ಅಧ್ಯಾಪಕರನ್ನೂ ವಿದ್ವತ್ಸಭೆಗಳಿಗೆ ಕರೆಯಬೇಕು, ಉಳಿದವರಿಗೆ ಸಮನಾಗಿ ಕಾಣಬೇಕು ಎಂಬುದು ಅವರ ಬೇಡಿಕೆ. ಸಣ್ಣ ಬೇಡಿಕೆಯೆಂದು ತೋರಬಹುದು. ಶಾಲೆಯ ಒಳಗನ್ನು ಬಲ್ಲವರಿಗೆ ಅದರ ತೂಕ ತಿಳಿದೀತು.

ಅವರು ದೂರಿನಲ್ಲೇ ನಿಲ್ಲಲಿಲ್ಲ. 1574ರಲ್ಲಿ ಯೂಕ್ಲಿಡನ ರೇಖಾಗಣಿತವನ್ನು ವಿಸ್ತಾರವಾದ ವ್ಯಾಖ್ಯಾನದೊಡನೆ ಪ್ರಕಟಿಸಿದರು. ಮೂಲದಲ್ಲಿಲ್ಲದ ಸಾಧನೆಗಳನ್ನೂ ಸೇರಿಸಿದ ಈ ಗ್ರಂಥ ಅನೇಕ ಮುದ್ರಣಗಳನ್ನು ಕಂಡಿತು. 1599ರ ಯೇಸುಸಭೆಯ ಶಿಕ್ಷಣ ನಿಯಮಾವಳಿಯು, ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸುಮಾರು ಮುಕ್ಕಾಲು ಗಂಟೆ ಯೂಕ್ಲಿಡನ ಪಾಠವನ್ನು ವಿಧಿಸಿತು. ತಿಂಗಳಿಗೊಮ್ಮೆ, ಇಲ್ಲವೇ ಎರಡು ತಿಂಗಳಿಗೊಮ್ಮೆ, ವಿದ್ಯಾರ್ಥಿಯೊಬ್ಬನು ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರದವರ ತುಂಬಿದ ಸಭೆಯಲ್ಲಿ ಪ್ರಸಿದ್ಧ ಗಣಿತ ಸಮಸ್ಯೆಯೊಂದನ್ನು ಬಿಡಿಸಬೇಕೆಂದೂ ಹೇಳಿತು. ಹಗುರಾಗಿ ಕಂಡವರು ಈಗ ಕುಳಿತು ಕೇಳಬೇಕಾಯಿತು!

ಮುದಿವಯಸ್ಸಿನಲ್ಲೂ ಅವರು ಕಲಿಯುವುದನ್ನು ಬಿಡಲಿಲ್ಲ. ಗೆಲಿಲಿಯೋ ದೂರದರ್ಶಕದಲ್ಲಿ ಕಂಡುದನ್ನು ಮೊದಲು ಶಂಕಿಸಿದ ಕ್ಲಾವಿಯುಸರು, ತಾವೇ ನೋಡಿದ ಮೇಲೆ 1611ರಲ್ಲಿ ಸಹೋದ್ಯೋಗಿಗಳೊಡನೆ ಅದು ದಿಟವೆಂದು ಒಪ್ಪಿದರು. ಮರುವರ್ಷ ತೀರಿಕೊಂಡರು.

ಅವರ ಪಾಠ ಬಹುದೂರ ಸಾಗಿತು. ಶಿಷ್ಯ ಮತ್ತೆಯೋ ರಿಚ್ಚಿ 1578ರಲ್ಲಿ ಗೋವೆಗೆ ಬಂದು, ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, ಚೀನಾಕ್ಕೆ ತೆರಳಿದರು. ಅಲ್ಲಿ ಕ್ರೈಸ್ತ ವಿದ್ವಾಂಸ ಷು ಗ್ವಾಂಗ್‌ಚಿ ಅವರೊಡನೆ ಕುಳಿತು, ಗುರುವಿನ ಯೂಕ್ಲಿಡ್ ಗ್ರಂಥದ ಮೊದಲ ಆರು ಭಾಗಗಳನ್ನು 1607ರಲ್ಲಿ ಚೀನೀ ಭಾಷೆಗೆ ತಂದರು. ಮುಂದುವರಿಸೋಣವೆಂದು ಷು ಕೇಳಿದರು, ಸದ್ಯಕ್ಕೆ ಸಾಕೆಂದರು ರಿಚ್ಚಿ. ಉಳಿದ ಭಾಗಗಳು ಚೀನೀಯರ ಕೈಸೇರಲು 1857ರವರೆಗೆ ಕಾಯಬೇಕಾಯಿತು.