ನಿಮಗಿದು ಗೊತ್ತೆ? ಹಾಯಿ ಹಡಗಿನಲ್ಲಿ ಹೋದ ಹೆಪ್ಪುಗಟ್ಟಿದ ಮಾಂಸ

ನ್ಯೂಜಿಲೆಂಡ್‌ನ ಹೆಪ್ಪುಗಟ್ಟಿಸಿದ ಕುರಿ ಮಾಂಸವನ್ನು ಇಂಗ್ಲೆಂಡಿಗೆ ಮೊದಲು ಮುಟ್ಟಿಸಿದ್ದು ‘ಡನೀಡಿನ್’ ಎಂಬ ಹಾಯಿ ಹಡಗು! 1882ರ ಫೆಬ್ರುವರಿ 15ರಂದು ಪೋರ್ಟ್ ಚಾಮರ್ಸ್ ಬಂದರು ಬಿಟ್ಟ ಅದು 98 ದಿನಗಳ ಬಳಿಕ ಲಂಡನ್ ಸೇರಿತು. ಹಡಗನ್ನು ಸಾಗಿಸಿದ್ದು ಗಾಳಿ. ಅದರಲ್ಲಿದ್ದ ಉಗಿಯಂತ್ರದ ಕೆಲಸ ಸರಕನ್ನು ತಂಪಾಗಿಡುವುದಷ್ಟೇ. ಅದು ನಡೆಸುತ್ತಿದ್ದ ಬೆಲ್–ಕೋಲ್ಮನ್ ಶೀತಲೀಕರಣ ಯಂತ್ರ ಗಾಳಿಯನ್ನು ಒತ್ತಿ, ತಣಿಸಿ, ಮತ್ತೆ ಹಿಗ್ಗಲು ಬಿಡುತ್ತಿತ್ತು. ಹಾಗೆ ಹಿಗ್ಗಿದ ಗಾಳಿ ಮೈ ಕೊರೆಯುವಷ್ಟು ತಣ್ಣಗಾಗುತ್ತದೆ.

ಉಷ್ಣವಲಯದ ಸೆಕೆಯಲ್ಲಿ ತಂಪುಗಾಳಿ ಎಲ್ಲೆಡೆ ಸಮನಾಗಿ ಹರಡಲಿಲ್ಲ. ಕ್ಯಾಪ್ಟನ್ ಜಾನ್ ವಿಟ್ಸನ್ ತಾವೇ ಗಾಳಿಮಾರ್ಗದೊಳಗೆ ತೆವಳಿ ರಂಧ್ರ ಕೊರೆದರು. ಚಳಿಗೆ ಸೆಟೆದುಹೋದ ಅವರನ್ನು ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆಯಬೇಕಾಯಿತು. ಎಂಥ ಎದೆಗಾರಿಕೆ! ಸುಮಾರು 5,000 ಪ್ರಾಣಿಗಳ ಮಾಂಸದಲ್ಲಿ ಲಂಡನ್ನಿನಲ್ಲಿ ತಿರಸ್ಕೃತವಾದದ್ದು ಒಂದೇ ಒಂದು. ಅಲ್ಲಿಯವರೆಗೆ ಮುಖ್ಯವಾಗಿ ಉಣ್ಣೆ ಮಾರುತ್ತಿದ್ದ ಆ ದೂರದ ದೇಶದ ಕುರಿಗಾರರಿಗೆ ಹೊಸ ಮಾರುಕಟ್ಟೆಯೇ ತೆರೆಯಿತು.

ಇಂದು ಆ ಕೆಲಸ ‘ರೀಫರ್’ ಎಂಬ ಶೀತಲ ಕಂಟೇನರ್‌ಗಳದ್ದು. ಅವುಗಳ ನೆಲದ ತೋಡುಗಳಿಂದ ತಂಪುಗಾಳಿ ಮೇಲೇಳುತ್ತದೆ. ಹೆಪ್ಪುಗಟ್ಟಿಸಿದ ಮೀನು, ಸೀಗಡಿಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ಬೇಕು. ಬಾಳೆಕಾಯಿಗಾದರೆ ಸುಮಾರು 13 ಡಿಗ್ರಿ. ಇನ್ನೂ ತಂಪಾದರೆ ಸಿಪ್ಪೆ ಕಪ್ಪಾಗಿ, ಕಾಯಿ ಸರಿಯಾಗಿ ಹಣ್ಣಾಗುವುದೇ ಇಲ್ಲ.

ಒಂದು ಮಾತು: ರೀಫರ್ ಇರುವುದು ತಂಪನ್ನು ಕಾಯಲು, ಬಿಸಿಯಾದ ಸರಕನ್ನು ಬೇಗನೆ ತಣಿಸಲು ಅಲ್ಲ. ಹಾಗಾಗಿ ರಫ್ತಿಗೆ ಕೈಹಾಕುವ ಬೆಳೆಗಾರರು ಹಡಗಿನ ಬಾಡಿಗೆಗಿಂತ ಮೊದಲು, ತೋಟದ ಹತ್ತಿರ ಶೀತಲೀಕರಣ ಘಟಕ ಇದೆಯೇ ಎಂದು ವಿಚಾರಿಸಿಕೊಳ್ಳಲಿ.